ಶುದ್ಧಹಸ್ತರ ಮನೆಯ ಮಗು

ತರಬೇತಿಯ ಹಿಂದಿನ ದಿನ ನಾನು ಬಲಗೈ ತುಂಬ ಗೋರಂಟಿ ಮೆತ್ತಿಕೊಂಡು ಜಗಲಿಯಲ್ಲಿ ಕೂತಿದ್ದೆ. ಹಬ್ಬವಿರಲಿಲ್ಲ, ಮನೆಯಲ್ಲಿ ಮದುವೆಯೂ ಇರಲಿಲ್ಲ. ಐವತ್ತೊಂದು ವರ್ಷದ, ಇಪ್ಪತ್ತೆರಡು ವರ್ಷದಿಂದ ಶಿಶುವಿಹಾರ ನಡೆಸುತ್ತಿರುವ ಚೂಡಾಮಣಿ ಎಂಬ ಹೆಂಗಸು ವಾರದ ಮಧ್ಯೆ ಒಂದೇ ಕೈಗೆ ಗೋರಂಟಿ ಹಾಕಿಕೊಂಡರೆ ನಮ್ಮೂರಿನಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ. ಕೇಳುವುದು ಸಭ್ಯತೆಯಲ್ಲ. ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್ ಮಾಸ್ತರರ ಹೆಂಡತಿ ಮಾತ್ರ, "ಬಣ್ಣ ಚೆನ್ನಾಗಿ ಹತ್ತಲಿ ಚೂಡಾಮಣಿಯವರೇ" ಎಂದು ಹಾರೈಸಿ ಹೋದರು. ಅವರ ಎರಡೂ ಕೈಗೆ ಉಣ್ಣೆಯ ಕೈಗವಸಿತ್ತು. ಆಗ ಬೇಸಿಗೆ.

ನಮ್ಮೂರಿನಲ್ಲಿ ಯಾರನ್ನಾದರೂ ಹೊಡೆದರೆ ಹೊಡೆದವರ ಅಂಗೈ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಒಂಬತ್ತು ದಿನ ಹಾಗೇ ಇರುತ್ತದೆ. ಸೀಗೆಪುಡಿ, ನಿಂಬೆಹುಳಿ, ಸೀಮೆಎಣ್ಣೆ ಯಾವುದಕ್ಕೂ ಜಗ್ಗುವುದಿಲ್ಲ. ಕೋಲಿನಲ್ಲಿ ಹೊಡೆದರೂ ಅಷ್ಟೇ, ಚಪ್ಪಲಿಯಲ್ಲಿ ಹೊಡೆದರೂ ಅಷ್ಟೇ. ಎಲ್ಲವನ್ನೂ ಜನ ಮಾಡಿ ನೋಡಿದ್ದಾರೆ. ಹೊರಗಿನವರಿಗೆ ನಮ್ಮೂರಿನವರು ಬಹಳ ವಿನಯವಂತರಂತೆ ಕಾಣುತ್ತಾರೆ, ಏಕೆಂದರೆ ನಾವು ಸದಾ ಕೈ ಜೋಡಿಸಿಕೊಂಡೇ ಇರುತ್ತೇವೆ. ನೇರಳೆ ಹಣ್ಣಿನ ಕಾಲದಲ್ಲಿ ಊರಿಗೆ ಊರೇ ಹಣ್ಣು ಕೊಳ್ಳುತ್ತದೆ, ತಿನ್ನುವವರು ಕಡಿಮೆ. ಹೆಣ್ಣು ನೋಡಲು ಬಂದ ಬೀಗರ ಕೈಗೆ ಉಪ್ಪಿಟ್ಟಿನ ತಟ್ಟೆ ಕೊಡುವ ನೆಪದಲ್ಲಿ ಅಂಗೈ ನೋಡಿಕೊಳ್ಳುತ್ತಾರೆ. ಇಡೀ ವರ್ಷ ಕೈ ಬೆಳ್ಳಗೆ ಇಟ್ಟುಕೊಂಡವರಿಗೆ ಪುರಭವನದಲ್ಲಿ ಶಾಲು ಹೊದಿಸಿ 'ಶುದ್ಧಹಸ್ತ' ಎಂಬ ಬಿರುದು ಕೊಡುತ್ತಾರೆ. ನನಗೆ ಅದು ಒಮ್ಮೆಯೂ ಬಂದಿಲ್ಲ. ಅರ್ಜಿ ಹಾಕಿದ್ದು ಮೂರು ಸಲ.

ನನ್ನ ಕೈಗೆ ಬಣ್ಣ ಬಂದಿದ್ದು ಕುಮುದಾಳಿಂದ. ಹಾಗೆಂದು ನಾನು ಆಗ ಹೇಳುತ್ತಿದ್ದೆ, ತಪ್ಪು ಅವಳದೇ ಎನ್ನುವಂತೆ. ಕುಮುದಾ ಐದು ವರ್ಷದವಳು, ಇಪ್ಪತ್ತಾರು ಮಕ್ಕಳಲ್ಲಿ ನನ್ನ ಪ್ರಾಣ ಹಿಂಡುತ್ತಿದ್ದ ಒಂದೇ ಮಗು. ಬೇರೆ ಮಕ್ಕಳ ಡಬ್ಬಿಯಿಂದ ಅವಲಕ್ಕಿ ತೆಗೆದು ಫ್ರಾಕಿನ ಜೇಬಿಗೆ ತುಂಬಿಕೊಳ್ಳುತ್ತಿದ್ದಳು. ಹಿಂದಿನ ಗುರುವಾರ ಸಿಕ್ಕಿಬಿದ್ದಾಗ ಬೆನ್ನಿಗೆ ಒಂದು ಕೊಟ್ಟಿದ್ದೆ. ಜೋರಾಗೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಂಗೈ ಮಾತ್ರ ಬದನೆಕಾಯಿಯ ಹಾಗಾಯಿತು. ಆಯಾ ಪುಟ್ಟಲಿಂಗಮ್ಮ ಅದನ್ನು ನೋಡಿದಳು, ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ತರಬೇತಿಯ ಸುತ್ತೋಲೆ ಓದಿ ನಗು ಬಂದಿತ್ತು. 'ಮಕ್ಕಳ ಮೇಲಾಗುವ ದೌರ್ಜನ್ಯವನ್ನು ಗುರುತಿಸುವುದು ಮತ್ತು ವರದಿ ಮಾಡುವುದು' ಎಂದಿತ್ತು. ಅಂಗೈಯೇ ಹೇಳಿಬಿಡುವ ಊರಿನಲ್ಲಿ ಗುರುತಿಸುವುದನ್ನು ಕಲಿಸಲು ಹೊರಗಿನಿಂದ ಒಬ್ಬರು ಬರಬೇಕೆ? ಆದರೂ ಹೋದೆ. ಮಧ್ಯಾಹ್ನಕ್ಕೆ ಹೋಳಿಗೆ ಊಟವಿದೆಯೆಂದು ಸುದ್ದಿಯಿತ್ತು.

ಪುರಭವನದಲ್ಲಿ ನಲವತ್ತು ಜನ ಸೇರಿದ್ದೆವು, ಎಲ್ಲರೂ ಮಕ್ಕಳನ್ನು ನೋಡಿಕೊಳ್ಳುವವರು. ಮೂವತ್ತೊಂದು ಜನರ ಕೈಯಲ್ಲಿ ಹೊಸ ಗೋರಂಟಿ. ತರಬೇತಿ ಕೊಡಲು ಬಂದಿದ್ದ ಜೆಸಿಂತಾ ಎಂಬ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ, ಬೆರಗಾಗಿ, "ಊರಲ್ಲಿ ಏನಾದ್ರೂ ಮದುವೆ ಇದೆಯಾ?" ಎಂದು ಕೇಳಿದಳು. ಅವಳೂರಿನಲ್ಲಿ ಯಾರ ಅಂಗೈಗೂ ಏನೂ ಆಗುವುದಿಲ್ಲವಂತೆ. ಪಾಪ, ಅಂಥ ಊರಿನಲ್ಲಿ ಹೇಗೆ ಬದುಕುತ್ತಾರೋ ಎಂದು ಮರುಕಪಟ್ಟೆ.

ಉದ್ಘಾಟನೆಗೆ ನಮ್ಮ ಶಿಶುವಿಹಾರ ಸಮಿತಿಯ ಅಧ್ಯಕ್ಷರಾದ ಸುಜ್ಞಾನಮೂರ್ತಿಗಳು ಬಂದಿದ್ದರು. ಏಳು ವರ್ಷದಿಂದ ಸತತವಾಗಿ ಶುದ್ಧಹಸ್ತ ಬಿರುದು ಅವರದೇ. ಎರಡೂ ಅಂಗೈ ಎತ್ತಿ ಸಭೆಗೆ ತೋರಿಸಿ ಮಾತು ಶುರು ಮಾಡಿದರು. ಮಕ್ಕಳನ್ನು ಹೊಡೆಯದೆಯೇ ಬೆಳೆಸಬಹುದು ಎಂದರು. ನಾನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಕುಮುದಾ ಎರಡು ವರ್ಷದಿಂದ ಇದ್ದದ್ದು ಅವರ ಮನೆಯಲ್ಲೇ. ಅವಳಮ್ಮ ಸುಮಿತ್ರೆ, ಸುಜ್ಞಾನಮೂರ್ತಿಗಳ ಅಣ್ಣನ ಮಗಳು, ಎರಡು ದಿನದ ಹಾದಿಯ ಊರಿನಲ್ಲಿ ನರ್ಸು. ಅಪ್ಪ ಇಲ್ಲ. ಅಂಥ ಮನೆ ಸಿಕ್ಕಿಯೂ ಈ ಹುಡುಗಿ ಹೀಗಾದಳಲ್ಲ ಎಂದು ಅವರನ್ನು ಕಂಡಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಅವರು ಹೋದ ಮೇಲೆ ಜೆಸಿಂತಾ ಕೇಳಿದಳು: "ಒಂದು ಮಗುಗೆ ಮನೇಲಿ ತೊಂದರೆ ಆಗ್ತಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ನಾನು ಎದ್ದುನಿಂತು, "ಮನೆಯವರ ಅಂಗೈ ನೋಡಿದರಾಯ್ತು" ಎಂದೆ. ಸಭೆ ತಲೆದೂಗಿತು.

"ಸರಿ. ಅಂಗೈ ಬೆಳ್ಳಗಿದ್ರೆ?"

"ಬೆಳ್ಳಗಿದ್ದರೆ ಇನ್ನೇನು? ಮನೆ ಒಳ್ಳೇದು."

"ಮಗೂನ ಯಾರಾದ್ರೂ ನೋಡ್ತೀರಾ?"

ಅದೇನು ಪ್ರಶ್ನೆಯೆಂದು ನನಗೆ ಅರ್ಥವಾಗಲಿಲ್ಲ. ದಿನವೂ ನೋಡುತ್ತೇವಲ್ಲ, ಅದೇ ನಮ್ಮ ಕೆಲಸವಲ್ಲವೆ ಎಂದು ಕೂತೆ. ಅವಳು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ನಿಮಗೆ ಅತಿ ಹೆಚ್ಚು ಕಾಟ ಕೊಡುವ ಮಗುವಿನ ಬಗ್ಗೆ ಬರೆಯಿರಿ ಎಂದಳು. ನನಗೆ ಒಂದು ಹಾಳೆ ಸಾಲಲಿಲ್ಲ; ಇನ್ನೊಂದು ಕೇಳಿ ಇಸಕೊಂಡೆ. ಕುಮುದಾ ಕದಿಯುತ್ತಾಳೆ. ಊಟ ಬಡಿಸಿದರೆ ಅಗಿಯದೆ ನುಂಗುತ್ತಾಳೆ. ಕೋಣೆಯ ಬಾಗಿಲು ಮುಚ್ಚಿದರೆ ಕಿರುಚುತ್ತಾಳೆ, ನಿಂತಲ್ಲೇ ಒದ್ದೆ ಮಾಡಿಕೊಳ್ಳುತ್ತಾಳೆ. ಗೊಂಬೆಗಳನ್ನು ಪೆಟ್ಟಿಗೆಯಲ್ಲಿ ಹಾಕಿ, ಮುಚ್ಚಳದ ಮೇಲೆ ತಾನು ಕೂತು, "ತಪ್ಪು ಅಂತ ಹೇಳು, ಹೇಳೋವರೆಗೂ ಇರು" ಎನ್ನುತ್ತಾಳೆ. ಇಂಥ ಮಗುವಿನೊಡನೆ ನಾನು ಹೇಗೆ ತಾಳ್ಮೆಯಿಂದಿದ್ದೇನೆ ಎಂಬುದಕ್ಕೆ ಕೊನೆಯ ಅರ್ಧ ಪುಟ ಮೀಸಲಿಟ್ಟೆ.

ಚಹಾದ ಹೊತ್ತಿಗೆ ಜೆಸಿಂತಾ ನನ್ನ ಹಾಳೆ ಹಿಡಿದುಕೊಂಡು ಪಕ್ಕದಲ್ಲಿ ಬಂದು ಕೂತಳು. ನನ್ನ ಬರವಣಿಗೆಯನ್ನು ಹೊಗಳುತ್ತಾಳೆಂದು ಸೆರಗು ಸರಿಮಾಡಿಕೊಂಡೆ.

"ಮೇಡಂ, ಇದು ಆ ಮಗು ಮೇಲೆ ನೀವು ಬರೆದ ದೂರು ಅಲ್ವಾ?"

"ಹೌದು."

"ನನಗೆ ಓದ್ತಾ ಇದ್ರೆ, ಆ ಮಗುನೇ ನಿಮ್ಮ ಹತ್ರ ಹೇಳ್ಕೊಂಡಿರೋ ದೂರಿನ ಥರ ಇದೆ."

ನಾನು ನಕ್ಕೆ. ಮಗು ಶುದ್ಧಹಸ್ತರ ಮನೆಯದೆಂದು ಹೇಳಿ ಮತ್ತೂ ನಕ್ಕೆ. ಅವಳು ನಗಲಿಲ್ಲ. ಮಧ್ಯಾಹ್ನವೆಲ್ಲ ಅವಳು ಹೇಳಿದ್ದು ನನಗೇ ಹೇಳಿದಂತಿತ್ತು. ಹೊಡೆಯದೆಯೂ ಮಗುವನ್ನು ನೋಯಿಸಬಹುದು. ಉಪವಾಸ ಕೆಡವಬಹುದು, ಕೂಡಿಹಾಕಬಹುದು, ಹೆದರಿಸಬಹುದು, ಮುಟ್ಟಬಾರದಂತೆ ಮುಟ್ಟಬಹುದು. ಸಾಬೀತು ಮಾಡುವುದು ನಿಮ್ಮ ಕೆಲಸವಲ್ಲ, ಅನುಮಾನ ಬಂದ ದಿನವೇ ತಿಳಿಸುವುದು ನಿಮ್ಮ ಕೆಲಸ. ಮಗುವನ್ನು ಕೆದಕಿ ಕೆದಕಿ ಕೇಳಬೇಡಿ. ಅದು ಹೇಳಿದರೆ ಕೇಳಿಸಿಕೊಳ್ಳಿ, ಅದರ ಮಾತನ್ನೇ ಬರೆದಿಡಿ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅನುಮಾನವಿರುವ ಮನೆಗೆ ನೀವೇ ವಿಚಾರಿಸಲು ಹೋಗಬೇಡಿ, ಅದರ ಫಲ ಉಣ್ಣುವುದು ಮಗು.

ಇದನ್ನೆಲ್ಲ ನಾನು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡೆ. ಕೊನೆಯ ಸಾಲಿಗೆ ಎರಡು ಗೆರೆ ಎಳೆದೆ. ಎಳೆದು, ಹೋಳಿಗೆ ಅರಗಿಸಿಕೊಳ್ಳುತ್ತ ನೇರವಾಗಿ ಸುಜ್ಞಾನಮೂರ್ತಿಗಳ ಮನೆಗೆ ಹೋದೆ.

ವಿಚಾರಿಸಲೆಂದು ಹೋಗಲಿಲ್ಲ. ಹಾಜರಿ ಪುಸ್ತಕಕ್ಕೆ ಅಧ್ಯಕ್ಷರ ರುಜು ಬೇಕಿತ್ತು, ಅಷ್ಟೇ. ಅಂದರೆ, ಬೇಕಿರಲಿಲ್ಲ, ಬೇಕೆಂದು ಮಾಡಿಕೊಂಡಿದ್ದೆ. ಹೊರಗಿನ ಹುಡುಗಿಯ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿತ್ತು, ಅದು ಸುಳ್ಳೆಂದು ಕಣ್ಣಾರೆ ನೋಡಿ ನೆಮ್ಮದಿಯಾಗಬೇಕಿತ್ತು. ಆಯಿತು ಕೂಡ. ಮನೆ ಕನ್ನಡಿಯ ಹಾಗಿತ್ತು. ಕುಮುದಾ ಗೋಡೆಗೆ ಬೆನ್ನು ಹಚ್ಚಿ ನಿಂತು ಶ್ಲೋಕ ಹೇಳುತ್ತಿದ್ದಳು, ಒಂದಕ್ಷರ ತಪ್ಪಿಲ್ಲ. ನಡುಮನೆಯ ಪಕ್ಕ ಉಗ್ರಾಣ, ಅದರ ಬಾಗಿಲಿಗೆ ಹೊರಗಡೆ ಎತ್ತರದಲ್ಲಿ ಹೊಳೆಯುವ ಹಿತ್ತಾಳೆಯ ಅಗುಳಿ. ಎಂಥ ಅಚ್ಚುಕಟ್ಟು ಎಂದುಕೊಂಡೆ. ಸುಜ್ಞಾನಮೂರ್ತಿಗಳು ತಾವೇ ಕಾಫಿ ತಂದುಕೊಟ್ಟರು. ಲೋಟ ಕೊಡುವಾಗ ಅಂಗೈ ನೋಡಿದೆ. ಬೆಳ್ಳಗೆ, ಮೆತ್ತಗೆ, ಆಗ ತಾನೇ ಒಗೆದ ಕರವಸ್ತ್ರದಂತಿತ್ತು.

"ನಮ್ಮ ಹುಡುಗಿ ಹೇಗೆ, ಚೂಡಾಮಣಿಯವರೇ?"

ಆ ಕಾಫಿ, ಆ ಕೈ, ಅಂಥವರು ನನ್ನನ್ನು ಬಹುವಚನದಲ್ಲಿ ಕೇಳಿದ್ದು, ಎಲ್ಲ ಸೇರಿ ನನ್ನ ನಾಲಿಗೆ ಸಡಿಲವಾಯಿತು. "ಜಾಣೆ ಸಾರ್. ಒಂಚೂರು ಬೇರೆಯವರ ಡಬ್ಬಿಗೆ ಕೈ ಹಾಕ್ತಾಳೆ ಅಷ್ಟೇ" ಎಂದು ನಕ್ಕೆ.

"ಹೌದಾ?" ಎಂದು ಅವರೂ ಮೃದುವಾಗಿ ನಕ್ಕರು. ಕುಮುದಾಳ ಶ್ಲೋಕ ಅಲ್ಲಿಗೇ ನಿಂತುಹೋಯಿತು. ಮರೆತಳೆಂದು ನಾನೇ ಮುಂದಿನ ಸಾಲು ಹೇಳಿಕೊಟ್ಟು, ಕೆನ್ನೆ ತಟ್ಟಿ ಬಂದೆ.

ಮಾರನೆಯ ದಿನ ಅವಳು ಶಿಶುವಿಹಾರಕ್ಕೆ ಬಂದಾಗ ಕದಿಯಲಿಲ್ಲ, ಕಿರುಚಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದಳು. ನನಗೆ ಮೊದಲು ಸಂತೋಷವೇ ಆಯಿತು, ಮನೆಯಲ್ಲಿ ಒಳ್ಳೆಯ ಮಾತಿನಲ್ಲಿ ತಿದ್ದಿದ್ದಾರೆ ಎಂದುಕೊಂಡೆ. ಪುಟ್ಟಲಿಂಗಮ್ಮ ಬಂದು, "ಟೀಚರಮ್ಮ, ಮಗಾ ಬೆಳಿಗ್ಗಿಂದ ಮೂರು ಚೊಂಬು ನೀರು ಕುಡೀತು. ಕಣ್ಣು ನೋಡ್ರಿ ಹೆಂಗವೆ" ಎಂದಳು. ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಾವಿರ ಸಲ ಮಕ್ಕಳ ಹಾಜರಿ ಕೂಗಿದ್ದೇನೋ, ಹಾಗೆ ನೋಡಿದ್ದು ಅದೇ ಮೊದಲಿರಬೇಕು. ಪುಟ್ಟಲಿಂಗಮ್ಮ ರಾಗಿ ಗಂಜಿ ತಂದಳು. ನಾವಿಬ್ಬರೂ ಹಿತ್ತಿಲ ಕಟ್ಟೆಯ ಮೇಲೆ, ಬಯಲಿನಲ್ಲಿ ಅವಳ ಪಕ್ಕ ಕೂತೆವು. ಎರಡು ಬಟ್ಟಲು ಕುಡಿದ ಮೇಲೆ ಅವಳೇ ಹೇಳಿದಳು.

"ಅಜ್ಜ ಹೊಡೆಯಲ್ಲ."

ಪುಟ್ಟಲಿಂಗಮ್ಮ ಬಟ್ಟಲಿಗೆ ಇನ್ನಷ್ಟು ಗಂಜಿ ಬಗ್ಗಿಸಿದಳು.

"ಉಗ್ರಾಣದಲ್ಲಿ ಇಡ್ತಾರೆ. ಅವರದು ಊಟ ಆಗಿ, ಮತ್ತೆ ಬೆಳಗಾಗಿ, ತಿಂಡಿ ಆದ್ಮೇಲೆ ತೆಗೀತಾರೆ. ಅಳಬಾರದು. ಅತ್ರೆ ಇನ್ನೊಂದು ಊಟ ಇಲ್ಲ." ನನ್ನ ಮುಖ ನೋಡದೆ ಹೇಳಿದಳು: "ನಿನ್ನೆ ನೀವು ಹೇಳಿದ್ರಲ್ಲ ಮಿಸ್, ಅವಲಕ್ಕಿದು, ಅದಕ್ಕೆ."

ದೂರುವ ದನಿಯಲ್ಲಿ ಹೇಳಲಿಲ್ಲ. ಎರಡೂ ಎರಡೂ ನಾಲ್ಕು ಎನ್ನುವ ಹಾಗೆ ಹೇಳಿದಳು. "ಇಲ್ಲ ಕಂದಾ, ಇನ್ನು ಯಾರಿಗೂ ಹೇಳಲ್ಲ" ಎಂದುಬಿಟ್ಟೆ. ಪುಟ್ಟಲಿಂಗಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ತರಬೇತಿಗೆ ಅವಳನ್ನು ಯಾರೂ ಕರೆದಿರಲಿಲ್ಲ. ನಾನು ತಡವರಿಸಿ, "ಹಾಗಲ್ಲ. ತಪ್ಪು ಹೇಳಿದೆ. ಹೇಳ್ತೀನಿ. ನಿನಗೆ ಸಹಾಯ ಮಾಡೋರಿಗೆ ಹೇಳ್ತೀನಿ. ನಿನ್ನದೇನೂ ತಪ್ಪಿಲ್ಲ" ಎಂದೆ. ಅವಳು ಬಟ್ಟಲನ್ನು ಮತ್ತೆ ಮುಂದಕ್ಕೆ ಚಾಚಿದಳು.

ಒಳಗೆ ಬಂದು ಮಕ್ಕಳ ರಕ್ಷಣಾ ಕಚೇರಿಗೆ ಫೋನ್ ಮಾಡಿದೆ. ಮೊದಲ ಸಲ ಅತ್ತ ಕಡೆ ಎತ್ತಿದ ಕೂಡಲೇ ಇಟ್ಟುಬಿಟ್ಟೆ. ಅಧ್ಯಕ್ಷರ ವಿರುದ್ಧ, ಏಳು ಶಾಲಿನ ಶುದ್ಧಹಸ್ತರ ವಿರುದ್ಧ, ಯಾರು? ಗೋರಂಟಿ ಕೈಯ ಚೂಡಾಮಣಿ. ಎರಡನೆಯ ಸಲ ಪುಟ್ಟಲಿಂಗಮ್ಮ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಹಾಗಾಗಿ ಮಾತಾಡಿದೆ. ಮೂರು ಗಂಟೆಗೆ ಅಧಿಕಾರಿ ಬರುತ್ತಾರೆ, ಅಷ್ಟರಲ್ಲಿ ನಮೂನೆ ತುಂಬಿಡಿ, ಮಗುವನ್ನು ಮನೆಗೆ ಕಳಿಸಬೇಡಿ ಎಂದರು.

ನಮೂನೆಯನ್ನು ಜೆಸಿಂತಾ ಎಲ್ಲರಿಗೂ ಕೊಟ್ಟಿದ್ದಳು. ಕುಮುದಾಳ ಮಾತನ್ನು ಹೇಳಿದಂತೆಯೇ ಬರೆದೆ. ಕೊನೆಯಲ್ಲೊಂದು ಪ್ರಶ್ನೆಯಿತ್ತು: ಈ ಮಗುವಿಗೆ ನಿಮ್ಮ ಕೇಂದ್ರದಲ್ಲಿ ಯಾರಿಂದಲಾದರೂ ನೋವಾಗಿದೆಯೇ? ಪೆನ್ನು ನಿಂತಿತು. ಇಲ್ಲ ಎಂದು ಬರೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇನ್ನೆರಡು ದಿನಕ್ಕೆ ಬಣ್ಣ ತಾನಾಗಿ ಹೋಗುತ್ತಿತ್ತು. ಪೆನ್ನಿನಲ್ಲಿ ಶಾಯಿಯಿಲ್ಲವೇನೋ ಎಂದು ಝಾಡಿಸಿ ನೋಡಿದೆ. ಶಾಯಿ ಧಾರಾಳವಾಗಿತ್ತು.

"ಏನು ಬರೀಬೇಕು ಅಂತೈತೆ ಅಲ್ಲಿ?" ಎಂದು ಪುಟ್ಟಲಿಂಗಮ್ಮ ಕೇಳಿದಳು. ಅವಳಿಗೆ ಓದು ಬಾರದು. ಓದಿ ಹೇಳಿದೆ.

"ಬರೀರಿ ಮತ್ತೆ. ನೀವು ನಿಮ್ದು ಬಚ್ಚಿಟ್ರೆ, ಅವರ್ದು ಹೇಳಿದ್ದು ಯಾರು ನಂಬ್ತಾರೆ?"

'ಹೌದು. ಕಳೆದ ಗುರುವಾರ, ಹಸಿದು ಅವಲಕ್ಕಿ ತೆಗೆದುಕೊಂಡದ್ದಕ್ಕೆ ನಾನು ಬೆನ್ನಿಗೆ ಹೊಡೆದಿದ್ದೇನೆ. ನಿನ್ನೆ ನಾನು ಮನೆಗೆ ಹೋಗಿ ಹೇಳಿದ್ದರಿಂದ ಅವಳನ್ನು ಕೂಡಿಹಾಕಿದ್ದಾರೆ' ಎಂದು ಬರೆದು ರುಜು ಹಾಕಿದೆ. ನನ್ನ ಬರವಣಿಗೆಯಲ್ಲಿ ಮೊದಲ ಬಾರಿ ನನ್ನ ಬಗ್ಗೆ ಹೊಗಳಿಕೆ ಇರಲಿಲ್ಲ.

ಅಧಿಕಾರಿ ದ್ಯಾಮಪ್ಪ ಕೂದಲು ನರೆತ, ಮೆಲುದನಿಯ ಮನುಷ್ಯ. ಅವರು ಕುಮುದಾಳ ಜೊತೆ ನೆಲದ ಮೇಲೆ ಕೂತು ಚೌಕಾಬಾರ ಆಡುತ್ತಿದ್ದಾಗಲೇ ಸುಜ್ಞಾನಮೂರ್ತಿಗಳು ಅವಳನ್ನು ಕರೆದೊಯ್ಯಲು ಬಂದರು. ವಿಷಯ ತಿಳಿದು ಗದರಲಿಲ್ಲ, ಕೂಗಾಡಲಿಲ್ಲ. ಎರಡೂ ಅಂಗೈ ಎತ್ತಿ ತೋರಿಸಿದರು.

"ನೋಡಿ. ಏಳು ವರ್ಷ. ಒಂದು ಏಟು ಹೊಡೆದಿದ್ದೀನಾ ನಾನು? ಈ ಚೂಡಾಮಣಿಯವರ ಕೈಯ ಗೋರಂಟಿ ಕೆರೆದು ನೋಡಿ, ಗೊತ್ತಾಗುತ್ತೆ."

"ಅವರದು ಅವರೇ ಬರೆದುಕೊಟ್ಟಿದ್ದಾರೆ" ಎಂದರು ದ್ಯಾಮಪ್ಪ, ಏಳದೆಯೇ. "ನಾನು ಉಗ್ರಾಣ ನೋಡಬೇಕು ಸಾರ್."

ಸುಜ್ಞಾನಮೂರ್ತಿಗಳ ಕೈ ನಿಧಾನವಾಗಿ ಕೆಳಗಿಳಿಯಿತು. ಕುಮುದಾ ಅವರ ಕಡೆ ನೋಡಲೇ ಇಲ್ಲ. ಕವಡೆಗಳನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಪುಟ್ಟಲಿಂಗಮ್ಮನ ಸೀರೆಯ ಹಿಂದೆ ಸೇರಿಕೊಂಡಳು.

ಉಗ್ರಾಣದೊಳಗೆ ಕಿಟಕಿ ಇರಲಿಲ್ಲವಂತೆ. ಅಕ್ಕಿ ಡಬ್ಬ, ಬೆಲ್ಲದ ಡಬ್ಬ ಎಲ್ಲಕ್ಕೂ ಬೀಗ. ಬಾಗಿಲ ಒಳಮೈಯಲ್ಲಿ, ಐದು ವರ್ಷದ ಮಗುವಿನ ಎತ್ತರಕ್ಕೆ, ಇದ್ದಿಲಿನಿಂದ ಸಾಲಾಗಿ ಇಪ್ಪತ್ತಾರು ತಲೆ, ಅವುಗಳ ಮುಂದೆ ಒಂದೊಂದು ಡಬ್ಬಿ ಬರೆದಿತ್ತು. ಅದು ನಮ್ಮ ಶಿಶುವಿಹಾರದ ಊಟದ ಸಾಲು. ಇದನ್ನು ಹೇಳುವಾಗ ದ್ಯಾಮಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದ ಮನೆಯವರನ್ನು ವಿಚಾರಿಸಿದಾಗ, ಒಮ್ಮೊಮ್ಮೆ ಅಳು ಕೇಳಿಸುತ್ತಿತ್ತು, ಆದರೆ ಅವರ ಕೈ ಬೆಳ್ಳಗಿತ್ತಲ್ಲ, ಅದಕ್ಕೆ ಸುಮ್ಮನಿದ್ದೆವು ಎಂದರಂತೆ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಸುಮಿತ್ರೆಗೆ ತಂತಿ ಹೋಯಿತು. ಅವಳು ಬರುವವರೆಗೆ ಎರಡು ದಿನ ಮಗು ರಕ್ಷಣಾ ಕಚೇರಿಯ ಮನೆಯಲ್ಲಿತ್ತು. ಬಸ್ಸಿಳಿದವಳೇ, ಚೀಲವನ್ನು ಬೀದಿಯಲ್ಲೇ ಬಿಟ್ಟು ಓಡಿಬಂದಳು. ಕುಮುದಾ ಅವಳನ್ನು ತಬ್ಬಿಕೊಳ್ಳಲಿಲ್ಲ. ಮೊದಲು ಅವಳ ಹಿಂದೆ ಯಾರಾದರೂ ಬಂದಿದ್ದಾರೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ, "ಅಮ್ಮಾ, ನೀನೊಬ್ಬಳೇನಾ?" ಎಂದು ಕೇಳಿ, ಹೌದೆಂದು ಖಚಿತವಾದ ಮೇಲೆ ಅತ್ತಳು. ಎರಡು ಊಟದಷ್ಟಲ್ಲ, ಎರಡು ವರ್ಷದಷ್ಟು ಅತ್ತಳು. ಸುಮಿತ್ರೆ ನನ್ನ ಕಡೆ ತಿರುಗಿ, "ನೀವು ದಿನಾ ನೋಡ್ತಿದ್ರಲ್ಲ" ಎಂದಳು. ಅಷ್ಟೇ ಅಂದದ್ದು. ಥ್ಯಾಂಕ್ಸ್ ಹೇಳಿದರೆ ಏನು ಉತ್ತರ ಕೊಡಬೇಕೆಂದು ನಾನು ಮನೆಯಲ್ಲಿ ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿಕೊಂಡು ಬಂದಿದ್ದೆ. ಹೋಗಿ ಬೀದಿಯಲ್ಲಿ ಬಿದ್ದಿದ್ದ ಅವಳ ಚೀಲವನ್ನು ಎತ್ತಿತಂದೆ. ತಾಯಿ ಮಗಳು ಮರುದಿನ ಹೊರಟರು, ಇಬ್ಬರೂ ನರ್ಸುಗಳ ವಸತಿಯಲ್ಲೇ ಇರುವುದೆಂದಾಯಿತು.

ಸುಜ್ಞಾನಮೂರ್ತಿಗಳ ಮೇಲೆ ಮೊಕದ್ದಮೆ ನಡೆಯಿತು. ಊರು ಎರಡು ಭಾಗವಾಯಿತು. ನೇರಳೆ ಕೈಯವಳು ಬಿಳಿ ಕೈಯವರ ಮೇಲೆ ದೂರು ಕೊಡುವುದೇ ಎಂದು ನನ್ನನ್ನು ಬೀದಿಯಲ್ಲಿ ಕೇಳಿದವರಿದ್ದಾರೆ. ಐದು ಮಕ್ಕಳನ್ನು ಶಿಶುವಿಹಾರದಿಂದ ಬಿಡಿಸಿದರು. ಮಗುವಿಗೆ ಹೊಡೆದದ್ದಕ್ಕೆ ನನ್ನನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟರು. ಅದು ನ್ಯಾಯವೇ ಎಂದು ಎಲ್ಲರೆದುರು ದೊಡ್ಡಸ್ತಿಕೆಯಿಂದ ಹೇಳಿಕೊಂಡು ತಿರುಗಿದೆ, ಮನೆಗೆ ಬಂದು ಅತ್ತೆ. ಅಷ್ಟು ದಿನ ಶಿಶುವಿಹಾರವನ್ನು ನಡೆಸಿದ್ದು ಪುಟ್ಟಲಿಂಗಮ್ಮ. ನಾನಿಲ್ಲದೆ ಮುಚ್ಚಿಹೋಗುತ್ತದೆಂದು ಕಾದೆ. ಬಿಡಿಸಿದ ಐವರಲ್ಲಿ ಮೂವರು ವಾಪಸ್ ಬಂದರು.

ಅಮಾನತು ಮುಗಿಯುವ ಮೊದಲು ನಾನು ಮತ್ತೊಮ್ಮೆ ಅದೇ ತರಬೇತಿಗೆ ಕೂರಬೇಕೆಂದು ಆದೇಶ ಬಂತು. ಈ ಸಲ ಪಕ್ಕದ ಪೇಟೆಯ ಶಾಲೆಯಲ್ಲಿ. ಜೆಸಿಂತಾ ನನ್ನನ್ನು ಗುರುತು ಹಿಡಿದು, "ನಡೆದದ್ದನ್ನ ಇವರಿಗೆ ಹೇಳ್ತೀರಾ? ಇಷ್ಟ ಇದ್ರೆ ಮಾತ್ರ" ಎಂದಳು. ಇಷ್ಟವಿತ್ತು, ಭಾಷಣವೆಂದರೆ ನನಗೆ ಯಾವತ್ತೂ ಇಷ್ಟವೇ. ಎದ್ದುನಿಂತು, ಅವಲಕ್ಕಿಯಿಂದ ಶುರುಮಾಡಿ, ಕಾಫಿಯ ತನಕ ಬಂದು, ಅಲ್ಲಿಂದ ಮುಂದೆ ಹೇಗೆ ಹೇಳಿದೆನೋ ನೆನಪಿಲ್ಲ. ಮುಗಿದಾಗ ಚಪ್ಪಾಳೆ ಬರಲಿಲ್ಲ. ಒಬ್ಬರು ನಮೂನೆಯನ್ನು ಎಷ್ಟು ಪ್ರತಿ ಮಾಡಬೇಕೆಂದು ಕೇಳಿದರು. ಇನ್ನೊಬ್ಬರು ಕಿಟಕಿ ತೆಗೆಯಿರಿ, ಸೆಖೆ ಎಂದರು.

ಸಂಜೆ ಬಸ್ಸಿಗೆ ಕಾಯುತ್ತ ಶಾಲೆಯ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದೆ. ತರಗತಿಯಲ್ಲಿ ಕಡೆಯ ಸಾಲಿನಲ್ಲಿದ್ದ, ದಿನವೆಲ್ಲ ಒಂದು ಮಾತೂ ಆಡದ ಹೆಂಗಸೊಬ್ಬಳು ಬಂದು ನಿಂತಳು. ಇಪ್ಪತ್ತೈದು ವರ್ಷವಿರಬಹುದು. ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಹೇಳಿದಳು: "ಅಕ್ಕಾ, ನಮ್ಮಲ್ಲಿ ಒಂದು ಮಗು ಇದೆ. ನಿನ್ನೆವರೆಗೂ ನಾನು ಅವನನ್ನ ಸೋಮಾರಿ ಅಂತಿದ್ದೆ."

ನನ್ನ ತಲೆಯಲ್ಲಿ ಆಗಲೇ ಹತ್ತು ಬುದ್ಧಿಮಾತು ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ಚೆಂದ. ಬಸ್ಸು ಬಂದು ನಿಂತಿತು, ಕಂಡಕ್ಟರು ಎರಡು ಸಲ ಕೂಗಿದ. ನಾನು ಕಲ್ಲಿನ ಮೇಲೆ ಒತ್ತರಿಸಿಕೊಂಡು ಅವಳಿಗೆ ಜಾಗ ಮಾಡಿದೆ.

"ಕೂತ್ಕೊಳಮ್ಮ. ಹೇಳು" ಎಂದೆ, ಬಾಯಿ ಮುಚ್ಚಿಕೊಂಡೆ. ಬಸ್ಸು ಹೋಯಿತು.